ಆರು ಸೆಕೆಂಡಿನ ನಂತರ ಬಂದ ‘ನಿಮ್ಮಿಷ್ಟ’

ಇದನ್ನು ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ... ಓದಿ, ಸರಿಯೆನಿಸಿದರೆ ನಿಮ್ಮವರಿಗೂ ಕಳಿಸಿ.

ಮೈಸೂರಿನ ಒಂದು ಕಾಲ್ ಸೆಂಟರಿನಲ್ಲಿ ನನ್ನ ಕೆಲಸ. ಮಾತಾಡುವುದಲ್ಲ, ಕೇಳುವುದು.

ಇಂಗ್ಲೆಂಡಿನ ಗ್ರಾಹಕರ ಜೊತೆ ನಮ್ಮ ಹುಡುಗರು ಆಡಿದ ಮಾತಿನ ರೆಕಾರ್ಡಿಂಗ್ ಕೇಳಿ, ಗ್ರಾಹಕರು ನಿಜವಾಗಿ ಒಪ್ಪಿದರೋ ಇಲ್ಲವೋ ಎಂದು ಗುರುತು ಹಾಕಬೇಕು. ಹದಿನಾಲ್ಕು ವರ್ಷದಿಂದ ಇದೇ... ಮನೆಗೆ ಬಂದ ಮೇಲೆ ಯಾರ ಮಾತೂ ಕಿವಿಗೆ ಬೇಡವಾಗುತ್ತದೆ.

ಆ ಜನ ನೇರವಾಗಿ ‘ನೋ’ ಎನ್ನುವುದು ಅಪರೂಪ. ‘ಯೆಸ್, ಬಟ್...’ ಎಂದರೆ ಇಲ್ಲ. ‘ಐ ಸಪೋಸ್ ಸೋ’ ಎಂದರೆ ಮನಸ್ಸಿಲ್ಲ. ‘ಅಬ್ಸಲ್ಯೂಟ್ಲಿ’ ಎಂದು ತಟ್ಟನೆ ಬಂದರೆ ನಂಬಬಹುದು.

ಮೊನ್ನೆ ಗುರುವಾರ ಒಬ್ಬ ಅಜ್ಜಿಯ ಕಾಲ್ ಕೇಳುತ್ತಿದ್ದೆ. ನಲವತ್ತು ವರ್ಷದ ಹಳೆಯ ಫೋನ್ ನಂಬರ್ ತೆಗೆದು ಹೊಸದು ಕೊಡುತ್ತೇವೆ, ಒಪ್ಪಿಗೆಯೇ ಎಂದು ನಮ್ಮ ಹುಡುಗ ಕೇಳಿದ್ದ.

ಆರು ಸೆಕೆಂಡು ಸದ್ದೇ ಇಲ್ಲ... ಆಮೇಲೆ, “ವೆಲ್... ಇಟ್ಸ್ ಅಪ್ ಟು ಯೂ, ಡಿಯರ್.” ನಿಮ್ಮಿಷ್ಟ ಕಣಪ್ಪ, ಅಂತ.

ಹುಡುಗ ‘ಒಪ್ಪಿದ್ದಾರೆ’ ಎಂದು ಒತ್ತಿಬಿಟ್ಟಿದ್ದ. ನಾನು ಕೆಂಪು ಗುರುತು ಹಾಕಿ ಬರೆದೆ: ‘ಇದು ಒಪ್ಪಿಗೆಯಲ್ಲ, ಸೋತ ಮಾತು. ಮತ್ತೆ ಕೇಳಿ. ಉತ್ತರ ಬರುವವರೆಗೂ ಕಾಯಿರಿ.’

ಬರೆದ ಕೈ ಅಲ್ಲೇ ನಿಂತಿತು...

ಇದೇ ಮಾತನ್ನು ಹಿಂದಿನ ವಾರ ಕನ್ನಡದಲ್ಲಿ ಕೇಳಿದ್ದೆ. ನಮ್ಮ ಅಡುಗೆಮನೆಯಲ್ಲಿ.

ನಮ್ಮತ್ತೆಗೆ ಇಬ್ಬರು ಗಂಡುಮಕ್ಕಳು. ಯುಗಾದಿಯಿಂದ ದೀಪಾವಳಿವರೆಗೆ ನಮ್ಮಲ್ಲಿ, ಆಮೇಲೆ ದಾವಣಗೆರೆಯ ಭಾವನವರ ಮನೆಯಲ್ಲಿ. ಈ ಸಲ ಭಾವನವರಿಗೆ ಪುಣೆಗೆ ವರ್ಗವಾಗಿತ್ತು.

“ಅತ್ತೆ, ಭಾನುವಾರ ಪುಣೆ ಬಸ್ಸು. ಆಗ್ಬಹುದಲ್ವಾ?” ಒಗ್ಗರಣೆ ಹಾಕುತ್ತಲೇ ಕೇಳಿದ್ದೆ. ತಿರುಗಿಯೂ ನೋಡಿರಲಿಲ್ಲ.

ತುಸು ಹೊತ್ತು ಸುಮ್ಮನಿದ್ದು, “ಹೂಂ... ನಿಮ್ಮಿಷ್ಟ ಕಣಮ್ಮ” ಎಂದಿದ್ದರು.

ನಿಜ ಹೇಳುತ್ತೇನೆ, ನನಗೂ ಒಂದಿಷ್ಟು ಬಿಡುವು ಬೇಕಿತ್ತು. ಬೇಕಾದ ಉತ್ತರ ಸಿಕ್ಕಿತ್ತು. ಊರಿಗೆಲ್ಲ ಕಿವಿ ಕೊಡುವವಳು ಮನೆಯಲ್ಲಿ ಜಾಣಕಿವುಡಿಯಾಗಿದ್ದೆ.

ಆ ಗುರುವಾರ ಸಂಜೆ ಮನೆಗೆ ಬಂದಾಗ ಅತ್ತೆಯ ಬ್ಯಾಗು ಬಾಗಿಲ ಪಕ್ಕ ಸಿದ್ಧವಾಗಿತ್ತು. ಅವರು ಸೊಪ್ಪು ಬಿಡಿಸುತ್ತಿದ್ದರು. ಚಪ್ಪಲಿ ಬಿಟ್ಟವಳೇ ಎದುರಿಗೆ ಕೂತೆ.

“ಅತ್ತೆ, ಪುಣೆಗೆ ಹೋಗೋಕೆ ನಿಮ್ಗೆ ಮನಸ್ಸಿದ್ಯಾ?”

ಕೇಳಿ ಬಾಯಿ ಮುಚ್ಚಿಕೊಂಡೆ. ಎಷ್ಟು ಕಷ್ಟವಾಯಿತೆಂದರೆ... ನಡುವೆ ಏನಾದರೂ ಹೇಳಿಬಿಡೋಣ ಎಂದು ನಾಲಿಗೆ ತುರಿಸುತ್ತಿತ್ತು. ಅತ್ತೆ ಒಂದು ಕಟ್ಟು ಸೊಪ್ಪು ಪೂರ್ತಿ ಬಿಡಿಸಿದರು.

“ಇಲ್ಲೇ ಇರ್ಲೇನೆ, ವೇದಾ? ಅಲ್ಲಿ ಪಕ್ಕದ ಮನೆಯೋರ ಹತ್ರ ಮಾತಾಡೋಕೂ ಭಾಷೆ ಬರಲ್ಲ... ನಿಂಗೆ ತೊಂದ್ರೆ ಆಗದಿದ್ರೆ.”

“ಮೊದ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?”

“ನೀವು ಕೇಳ್ಲಿಲ್ವಲ್ಲಮ್ಮ... ತಿಳಿಸಿದ್ರಿ, ಅಷ್ಟೆ.”

ಅವರ ಮಡಿಲಿನ ಸೊಪ್ಪಿನ ಮೇಲೆಯೇ ತಲೆಯಿಟ್ಟು ಅತ್ತುಬಿಟ್ಟೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ನಮ್ಮವರು ಆ ಬ್ಯಾಗನ್ನು ಎತ್ತಿ ಅಟ್ಟದ ಮೇಲಿಟ್ಟರು.

ತಡವರಿಸಿ ಬಂದ ‘ಹೂಂ’ ಒಪ್ಪಿಗೆಯಲ್ಲ, ಇನ್ನೊಮ್ಮೆ ಕೇಳಲಿ ಎಂಬ ಕಾಯುವಿಕೆ.

ಈ ವಾರ ನಿಮ್ಮ ಮನೆಯಲ್ಲಿ ‘ನಿಮ್ಮಿಷ್ಟ’ ಎಂದವರು ಯಾರು? ಅವರನ್ನು ಮತ್ತೆ ಕೇಳಿದಿರಾ?