ದೊಡ್ಡಪ್ಪನ ಹೆಸರಿನ ಮುಂದಿನ ಪದ

ಸಿಟ್ಟು ಬಂದಾಗಲೆಲ್ಲ ಮನೆಯಲ್ಲಿ ಯಾರಿಗೂ ತಿಳಿಯದ ಇಂಗ್ಲಿಷ್ ಪದವೊಂದನ್ನು ಡೈರಿಯಲ್ಲಿ ಬರೆದು ಸುಮ್ಮನಾಗುವ ತಾನು ಹೇಡಿಯೇ ಇರಬೇಕು ಎಂದು ಸುಮನಾಗೆ ಒಳಗೊಳಗೇ ಅಳುಕಿತ್ತು. ಈಗ ಆ ಡೈರಿ ದೊಡ್ಡಪ್ಪ ಮಲ್ಲಿಕಾರ್ಜುನಪ್ಪನ ಕೈಯಲ್ಲಿತ್ತು.

“ಏನೇ ಇದು, ನನ್ನ ಹೆಸರಿನ ಮುಂದೆ? ಸ್ಯಾಂಕ್ಟಿ... ಸ್ಯಾಂಕ್ಟಿಮೋನಿಯಸ್! ಎಂ.ಎ. ಓದಿದ್ದು ನನ್ನ ಬೈಯೋಕೇನೇ?”

ಅವನ ಮಗಳು ಸ್ಫೂರ್ತಿಯ ಸೀಮಂತಕ್ಕೆ ಬಂದಿದ್ದ ಹೆಂಗಸರು ಬಳೆ ತೊಡಿಸುವುದನ್ನು ನಿಲ್ಲಿಸಿ ಇತ್ತ ತಿರುಗಿದರು. ಸುಮನಾಳ ಅಮ್ಮ ಮಾತ್ರ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಸ್ಫೂರ್ತಿಗೆಂದೇ ಕಡೂರಿನಿಂದ ತಂದ ಹಸಿರು ಗಾಜಿನ ಬಳೆಗಳು ಅಮ್ಮನ ಸೆರಗಿನಲ್ಲೇ ಉಳಿದಿದ್ದವು. “ಗಂಡ ಸತ್ತೋಳು ಮುಂದೆ ಬರ್ಬೇಡ” ಎಂದು ದೊಡ್ಡಪ್ಪ ಬೆಳಿಗ್ಗೆ ಶಿವಪೂಜೆ ಮುಗಿಸಿ ಎದ್ದ ಬಾಯಲ್ಲೇ ಹೇಳಿದ್ದ.

“ಭಕ್ತಿವಂತ ಅಂತ ಇರ್ಬೇಕು ಬಿಡಿ, ಭಾವನೋರೇ,” ಅಮ್ಮ ಹೆದರುತ್ತ ಅಂದಳು.

“ನೀನು ಬಾಯ್ಮುಚ್ಚು, ಅವಳೇ ಬೊಗಳ್ಲಿ. ಲೇ, ಬಾಯಲ್ಲೇನು ಕಡುಬು ತುರ್ಕೊಂಡಿದೀಯಾ?”

ಅಮ್ಮ ಹೇಳಿದ ಅರ್ಥಕ್ಕೇ ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮನಾ ಓದಿದ ಹಳೆಯ ಕಾದಂಬರಿಗಳಲ್ಲಿ ಈ ಪದ ಬಂದಲ್ಲೆಲ್ಲ, ಎಲ್ಲರಿಗೂ ದಯೆ ಬೋಧಿಸುತ್ತಲೇ ಬಡವಿಯೊಬ್ಬಳನ್ನು ಬಾಗಿಲಿಂದ ಅಟ್ಟುವ ಪಾದ್ರಿಯೊಬ್ಬ ಇರುತ್ತಿದ್ದ. ಅವಳು ಅಡುಗೆಮನೆಯ ಹೊಸ್ತಿಲ ಕಡೆ ಒಮ್ಮೆ ನೋಡಿ, ದೊಡ್ಡಪ್ಪನತ್ತ ತಿರುಗಿದಳು.

“ಯಾವ ಹೆಣ್ಣೂ ಅಮಂಗಳ ಅಲ್ಲ ಅಂತ ತರೀಕೆರೆ ಸಭೇಲಿ ಭಾಷಣ ಬಿಗಿದು, ಮನೇಲಿ ನನ್ನಮ್ಮನ್ನ ಒಳಗೆ ಕೂಡಿಹಾಕೋರಿಗೆ ಹಂಗಂತಾರೆ, ದೊಡ್ಡಪ್ಪ.”