ಬರೆಯದೇ ಬಿಟ್ಟ ಪರದೆ

ಕಂಪ್ಯೂಟರಿನಲ್ಲಿ ಈಗಷ್ಟೇ ಸರಿಪಡಿಸಿದ್ದನ್ನು ಮಿಂಚು ಪೂರ್ತಿ ಅಳಿಸಿಹಾಕಿದ. ಆಮೇಲೆ ತಿರುಗಿ ನೋಡಿದ. ಆಫೀಸಿನವರೆಲ್ಲ ಅಕ್ಕ ಎಂದೇ ಕರೆಯುವವಳು ಬಾಗಿಲಲ್ಲಿ ನಿಂತಿದ್ದಳು.

"ಸಿಕ್ತಾ?"

"ಇಲ್ಲ ಅಕ್ಕ. ಅನಿಮೇಷನ್ನೇ ಎಲ್ಲೋ ಕೆಟ್ಟಿದೆ. ಸ್ಕ್ರೀನ್ ಹೊಸದಾದಾಗಲೆಲ್ಲ ಚಕ್ರ ಮತ್ತೆ ಮೊದಲಿಂದ ಶುರುವಾಗ್ತಿದೆ ಅನ್ಸುತ್ತೆ."

ಹಸಿ ಸುಳ್ಳು.

ಹಿಂದಿನ ದಿನ ಊರಿನ ಪ್ರಯಾಣಿಕರ ದೋಣಿ ಮುಳುಗಿತ್ತು. ಟಿಕೆಟ್ ಮಾರಲೆಂದು ಈ ಸಣ್ಣ ಆಫೀಸು ಮಾಡಿದ್ದ ಆ್ಯಪ್‌ಗೆ ಈಗ ಊರಿಗೆ ಊರೇ ಕಣ್ಣು ನೆಟ್ಟು ಕೂತಿತ್ತು. ದೋಣಿಯಲ್ಲಿದ್ದವರ ಹೆಸರು ಹಾಕಿದರೆ ರಕ್ಷಣಾ ಶಿಬಿರದಿಂದ ಸುದ್ದಿ ಬರಬೇಕು. ಅಲ್ಲಿಯವರೆಗೆ ಒಂದು ನೀಲಿ ಚಕ್ರ ತಿರುಗುತ್ತದೆ. ಕೆಲವರಿಗೆ ಅದು ನಿಂತು 'ಸುರಕ್ಷಿತ' ಎಂದು ಬಂತು. ಉಳಿದವರಿಗೆ ತಿರುಗುತ್ತಲೇ ಇತ್ತು.

ಇಂಥ ಆ್ಯಪ್‌ನಲ್ಲಿ ಚಕ್ರಕ್ಕೆ ಯಾರೂ 'ನಿಲ್ಲು' ಎಂದು ಹೇಳುವುದಿಲ್ಲ. ಸ್ಥಿತಿ ಹೀಗಿದ್ದರೆ ಪರದೆ ಹೀಗಿರಲಿ ಎಂದು ಮೊದಲೇ ಬರೆದಿಡಬೇಕು. ಸ್ಥಿತಿ ಬದಲಾದಾಗ ಪರದೆ ತಾನಾಗಿಯೇ ಬದಲಾಗುತ್ತದೆ. ಬರೆದಿಡದ ಸ್ಥಿತಿ ಬಂದರೆ ಚಕ್ರವೇ ಗತಿ. ಆತುರದಲ್ಲಿ ಮಿಂಚು ಎರಡನ್ನೇ ಬರೆದಿದ್ದ: ಹುಡುಕುತ್ತಿದ್ದೇವೆ, ಸುರಕ್ಷಿತ. ಶಿಬಿರದವರು ಮೂರನೆಯದನ್ನೂ ಕಳಿಸುತ್ತಿದ್ದರು. ಸತ್ತವರಿಗೆ ಒಂದು ಪರದೆ ಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಕೆಲಸ ಬೇಗ ಮುಗಿಸುತ್ತಾನೆಂದೇ ಅವನಿಗೆ ಮಿಂಚು ಎಂಬ ಹೆಸರು. ತಪ್ಪು ಕಣ್ಣಿಗೆ ಬಿದ್ದೊಡನೆ ಮೂರನೆಯ ಪರದೆಯನ್ನೂ ಬರೆದ. ಜನ ಹೆಸರು ಹಾಕಿ ಕೇಳಿದ್ದ, ಚಕ್ರ ನಿಲ್ಲದ ವಿಚಾರಣೆಗಳಲ್ಲಿ ಕೈಗೆ ಬಂದ ಒಂದನ್ನು ಹಾಕಿ ನೋಡಿದ. ಚಕ್ರ ನಿಂತಿತು. ಬಂದದ್ದನ್ನು ಓದಿದ. ಅಳಿಸಿದ್ದು ಆಗಲೇ.

ಪಕ್ಕದ ಕೋಣೆಯಿಂದ ಮ್ಯಾನೇಜರನ ದನಿ ಕೇಳುತ್ತಿತ್ತು: "ಯಾರ ಘನಕಾರ್ಯ ಅಂತ ಗೊತ್ತಾಗ್ಲಿ, ಅವತ್ತೇ ಮನೆಗೆ ಕಳಿಸ್ತೀನಿ."

ಮಿಂಚು ತಲೆ ತಗ್ಗಿಸಿದ.

"ರಜೆ ಹಾಕಿದ್ರಲ್ಲ ಅಕ್ಕ, ಯಾಕೆ ಬಂದ್ರಿ?"

"ನಿನ್ನ ಕಿವಿ ಹಿಂಡೋಕೆ." ಅವನು ಬರೆದದ್ದನ್ನೆಲ್ಲ ಪರೀಕ್ಷಿಸುವುದು ಅವಳ ಕೆಲಸ. ಕುರ್ಚಿ ಎಳೆದುಕೊಂಡು ಕೂತಳು. "ಉತ್ತರ ಬಂದಿರುತ್ತೆ ಕಣೋ, ತೋರಿಸ್ತಿಲ್ಲ ಅಷ್ಟೇ."

"ಏನಾದ್ರೂ ತಿಂದ್ಕೊಂಡು ಬನ್ನಿ. ಅಷ್ಟರಲ್ಲಿ ನೋಡಿರ್ತೀನಿ."

"ನೀನೇ ತಿನ್ನು, ಮುಖ ನೋಡು, ಸುಣ್ಣ ಬಳಿದಂಗಿದೆ. ಅಲ್ಲಿ ಜನ ಅನ್ನ ನೀರು ಬಿಟ್ಟು ಆ ಹಾಳು ಚಕ್ರ ನೋಡ್ತಾ ಕೂತಿದಾರೆ. ಒಳ್ಳೇದೋ ಕೆಟ್ಟದ್ದೋ, ಹೇಳಿಬಿಡ್ಬೇಕಪ್ಪ."

ಅವಳ ಫೋನು ರಿಂಗಾಯಿತು. "ಇನ್ನೂ ಇಲ್ಲ. ಸರಿ ಮಾಡ್ತಿದಾರೆ," ಎಂದಷ್ಟೇ ಹೇಳಿ ಇಟ್ಟಳು. ಮಿಂಚು ನೀರು ತರುವ ನೆಪ ಮಾಡಿ ಎದ್ದುಹೋದ.

ಬರುವಷ್ಟರಲ್ಲಿ ಅವಳು ಅವನ ಜಾಗದಲ್ಲಿದ್ದಳು. ಅಳಿಸಿದ ಸಾಲುಗಳೆಲ್ಲ ವಾಪಸು ಬಂದಿದ್ದವು.

"ಬರೆದು ಅಳಿಸಿದೀಯ." ಅವಳ ದನಿ ಏರಲಿಲ್ಲ. "ತಪ್ಪು ಮುಚ್ಚಿಹಾಕೋಕಾ?"

ಅವನು ನೀರಿನ ಲೋಟವನ್ನು ಮೇಜಿನ ಮೇಲಿಟ್ಟ.

"ಹೂಂ. ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ."

"ನಿನ್ನ ಹೊಟ್ಟೆಪಾಡಿಗೆ ಅಷ್ಟು ಜನರ ಹೊಟ್ಟೆ ಉರಿಸಿದೆಯಲ್ಲೋ. ನಿನ್ನನ್ನ ಒಳ್ಳೆಯವನು ಅಂದ್ಕೊಂಡಿದ್ದೆ."

"ಬೈಯ್ರಿ ಅಕ್ಕ. ಆದ್ರೆ ಈಗ ಹಾಕ್ಬೇಡಿ. ಸಂಜೆವರೆಗೆ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಸಂಜೆಗೆ ಏನು ಬದಲಾಗುತ್ತೆ?"

ಅವನು ಪರೀಕ್ಷೆಗೆ ತೆಗೆದಿಟ್ಟಿದ್ದ ವಿಚಾರಣೆ ಹಾಗೆಯೇ ತೆರೆದಿತ್ತು. ಅವನು ಕೈ ಅಡ್ಡ ಹಿಡಿಯುವ ಮೊದಲೇ ಅಕ್ಕ ಗುಂಡಿ ಒತ್ತಿದಳು.

ಚಕ್ರ ನಿಂತಿತು. ಅವಳು ಓದಿದಳು. ಎರಡೇ ಸಾಲು. ಆದರೂ ಓದುತ್ತಲೇ ಇದ್ದಳು. ಪಕ್ಕದ ಕೋಣೆಯಲ್ಲಿ ಮ್ಯಾನೇಜರ್ ಇನ್ನೂ ಕೂಗಾಡುತ್ತಿದ್ದ. ಕಡೆಗೆ ಅವಳು ಎದ್ದು ಕುರ್ಚಿಯನ್ನು ಮಿಂಚುವಿನ ಕಡೆ ಸರಿಸಿದಳು.

"ಎಲ್ಲರಿಗೂ ಕಳಿಸು. ಅಮ್ಮನ ಫೋನಲ್ಲಿ ಮಾತ್ರ ಇನ್ನೊಂದು ಸ್ವಲ್ಪ ಹೊತ್ತು ತಿರುಗ್ತಾ ಇರ್ಲಿ. ತಮ್ಮ ಇನ್ನಿಲ್ಲ ಅಂತ ನಾನೇ ಮನೆಗೆ ಹೋಗಿ ಹೇಳ್ತೀನಿ."