ಡಬ್ಬಿಯ ಮೇಲಿನ ಅರಿಶಿನ

ಇದು ಕಟ್ಟುಕತೆಯಲ್ಲ, ನಮ್ಮ ಪ್ರಯೋಗಾಲಯದಲ್ಲೇ ನಡೆದದ್ದು. ನನ್ನ ಮುಖ ನೋಡಿದ್ದರೆ ನೀವೂ ನಂಬುತ್ತಿದ್ದಿರಿ.

ಕ್ಷುದ್ರಗ್ರಹದಿಂದ ತಂದ ಸಾಸಿವೆಯಷ್ಟು ಕಲ್ಲು ನಮ್ಮಲ್ಲಿತ್ತು. ಭೂಮಿಗಿಂತ ಹಳೆಯದು. ಜೀವಕ್ಕೆ ಬೇಕಾದ ಇಂಗಾಲದ ಅಣುಗಳು ಸೌರಮಂಡಲದ ಎಳವೆಯಲ್ಲೇ ಇದ್ದವು ಎನ್ನಲು ನಮ್ಮ ತಂಡದ ಮುಖ್ಯಸ್ಥೆ ವೈಜಯಂತಿ ಮೇಡಂಗೆ ಅದರಲ್ಲಿ ಸಾಕ್ಷಿ ಸಿಕ್ಕಿತ್ತು. ಮರುದಿನ ಹೊರದೇಶದ ವಿಜ್ಞಾನಿಗಳ ಮುಂದೆ ಅವರ ಭಾಷಣ.

ಕಲ್ಲಿನ ಹೊರಡಬ್ಬಿಯ ಮೇಲೆ ಅರಿಶಿನದ ಕಲೆ ನೋಡಿದೆ. ಆಯುಧಪೂಜೆಯ ದಿನ ನಾನು ರಜೆಯಲ್ಲಿದ್ದೆ. ನಾಲಿಗೆ ತುರಿಸಿತು. ಡೈರೆಕ್ಟರ ಗೊಗ್ಗರು ದನಿ ತೆಗೆದು ಮೇಡಂಗೆ ಫೋನ್ ಮಾಡಿದೆ.

"ಏನಮ್ಮಾ, ನಿಮ್ಮ ಅಣುಗಳೆಲ್ಲ ಅಡುಗೆಮನೆಯವು ಅಂತಲ್ಲ? ಪೂಜೆ ದಿನ ಡಬ್ಬಿಗೆ ಅರಿಶಿನ ಹಚ್ಚಿದ್ದು ಯಾರು?"

ಆ ಕಡೆಯಿಂದ ಸಣ್ಣ ದನಿ.

"ನಾನೇ ಸಾರ್. ತಪ್ಪಾಯ್ತು. ನಾವು ಕಂಡದ್ದೆಲ್ಲ ಸುಳ್ಳು ಅಂತ ಈಗಲೇ ಆ ವಿಜ್ಞಾನಿಗಳಿಗೆ ಹೇಳಿಬಿಡ್ತೀನಿ."

ಫೋನ್ ಇಟ್ಟೇಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಅವರ ವರ್ಷಗಳ ದುಡಿಮೆಯನ್ನು ನನ್ನ ಒಂದು ತಮಾಷೆ ನುಂಗುತ್ತಿತ್ತು. ಅವರ ಕೋಣೆಗೆ ಓಡಿದೆ. ಇಡೀ ತಂಡ ಅಲ್ಲಿತ್ತು.

"ಮೇಡಂ, ಫೋನ್ ಮಾಡಿದ್ದು ಡೈರೆಕ್ಟರಲ್ಲ, ನಾನು. ನಿಮ್ಮ ಅಣುಗಳಿಗೆ ಏನೂ ಆಗಿಲ್ಲ. ಯಾರಿಗೂ ಹೇಳ್ಬೇಡಿ. ಬೇಕಾದ್ರೆ ನನಗೆ ಎರಡು ಬಿಗೀರಿ."

ತಂಡ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಡಂ.

"ಕೂತ್ಕೋ ಮಾರಾಯ, ನೀರು ಕುಡಿ. ಪೂಜೆ ದಿನ ಡಬ್ಬಿ ಇನ್ನೂ ಖಾಲಿ ಇತ್ತು. ಅದರ ಮೇಲೆ ಅರಿಶಿನ ಹಚ್ಚಿದ್ದು ಡೈರೆಕ್ಟರೇ."